ಕೊಟ್ಟವ ಕೋಡಂಗಿಯಾಗಬೇಕೆ?



2022ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಎದ್ದ ಕೂಗು ನೆನಪಿದೆಯೇ? ಪುಣೆಯ ಹತ್ತಿರದ ತಳೇಗಾಂವಿಗೆ ಬರುತ್ತದೆಂದು ನಂಬಿದ್ದ ವೇದಾಂತ–ಫಾಕ್ಸ್‌ಕಾನ್ ಚಿಪ್ ಕಾರ್ಖಾನೆ ಗುಜರಾತಿನ ಪಾಲಾಯಿತೆಂದು ಪಕ್ಷಗಳು ಪರಸ್ಪರ ಕೆಸರೆರಚಿದವು. 2023ರ ಜುಲೈಯಲ್ಲಿ ಫಾಕ್ಸ್‌ಕಾನ್ ಹಿಂದೆ ಸರಿಯಿತು. ಇಲ್ಲಿಗೂ ಬರಲಿಲ್ಲ, ಅಲ್ಲಿಗೂ ದಕ್ಕಲಿಲ್ಲ. ಕೂಸು ಹುಟ್ಟುವ ಮುನ್ನವೇ ಕುಲಾವಿಗಾಗಿ ಜಗಳವಾಡಿದಂತಾಯಿತು!

ಆ ಗದ್ದಲದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಬೇರೆ. ಮೊಬೈಲಿನಿಂದ ಮೋಟಾರಿನವರೆಗೆ ಎಲ್ಲಕ್ಕೂ ಬೇಕಾದ ಈ ಚಿಪ್ಪಿನ ಇಂಜಿನಿಯರ್ ಕೆಲಸಗಳು ಕೆಲವೇ ಊರುಗಳಲ್ಲಿ ಏಕೆ ಗುಂಪುಗೂಡುತ್ತವೆ? ಬೆಂಗಳೂರಿನ ಹವೆ ತಂಪು, ಅದಕ್ಕೇ ಎನ್ನುವವರಿದ್ದಾರೆ. ಹವೆಯೇ ಕಾರಣವಾದರೆ ಮಡಿಕೇರಿಯಲ್ಲಿ ಕಂಪನಿಗಳು ಕಿಕ್ಕಿರಿಯಬೇಕಿತ್ತು! ಅದು ಬುದ್ಧಿವಂತರ ಕೆಲಸ, ಕಪ್ಪು–ಬಸಿ ತೊಳೆಯುವವರ ಮಕ್ಕಳಿಗಲ್ಲ ಎನ್ನುವವರೂ ಇದ್ದಾರೆ. ಈ ಎರಡನೆಯ ಮಾತು ಬರಿಯ ಸುಳ್ಳಲ್ಲ, ನಮಗೆ ಮಾಡಿದ ಅವಮಾನ.

ಗುಂಪುಗೂಡುವುದೆಂದರೇನೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಾಟುಂಗಾದಲ್ಲಿ ಉಡುಪಿ ಹೋಟೆಲುಗಳು ಏಕೆ ಒತ್ತೊತ್ತಾಗಿ ಹುಟ್ಟಿದವು? ದೋಸೆಯ ಹದ ಬಲ್ಲ ಭಟ್ಟರು ಅಲ್ಲಿಯೇ ಸಿಗುತ್ತಾರೆ. ಬಾಳೆಲೆ, ತೆಂಗಿನಕಾಯಿ ಅಲ್ಲಿಯೇ. ರುಬ್ಬುವ ಯಂತ್ರ ಕೆಟ್ಟರೆ ರಿಪೇರಿಯವನೂ ಅಲ್ಲಿಯೇ. ಒಬ್ಬ ಧಣಿ ಸಂಬಳಕ್ಕೆ ಸತಾಯಿಸಿದರೆ ಎದುರು ಹೋಟೆಲಿನಲ್ಲಿ ಕೆಲಸವುಂಟು. 1854ರಲ್ಲಿ ಕಾವಸಜಿ ದಾವರ್ ಮೊದಲ ಗಿರಣಿಗೆ ಅಡಿಪಾಯ ಹಾಕಿದ ಮೇಲೆ ಗಿರಣಗಾಂವ್ ಬೆಳೆದ ಬಗೆಯೂ ಇದೇ. ಕೈ ಪಳಗಿದವರಿದ್ದಲ್ಲಿಗೆ ಕೆಲಸ ಬರುತ್ತದೆ. ಕೆಲಸವಿದ್ದಲ್ಲಿಗೆ ಕೈಗಳು ಬರುತ್ತವೆ.

ಆದರೆ ಮೊದಲ ಕೈಯನ್ನು ಪಳಗಿಸಿದವರಾರು? ಅಲ್ಲಿದೆ ಗುಟ್ಟು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1956ರಲ್ಲಿ ಶಾಕ್ಲಿ ಎಂಬ ವಿಜ್ಞಾನಿ ಅರೆವಾಹಕಗಳ ಪ್ರಯೋಗಶಾಲೆ ತೆರೆದ. ಅವನ ದರ್ಬಾರು ಸಹಿಸದೆ ಮರುವರ್ಷವೇ ಎಂಟು ಮಂದಿ ಹೊರಬಿದ್ದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರಲ್ಲಿ ಇಬ್ಬರು 1968ರಲ್ಲಿ ಇಂಟೆಲ್ ಕಟ್ಟಿದರು. ಒಬ್ಬ ಧಣಿಯನ್ನು ಬಿಟ್ಟು ಪಕ್ಕದ ಬೀದಿಯಲ್ಲಿ ದುಡಿಯುವುದಕ್ಕೆ ಆ ರಾಜ್ಯದ 1872ರ ಕಾಯಿದೆಯೇ ರಕ್ಷಣೆಯಾಗಿತ್ತು. ಅವರ ಮಾಲಿಗೆ ಮೊದಲ ದೊಡ್ಡ ಗಿರಾಕಿ ಯಾರು? ಅಮೆರಿಕ ಸರ್ಕಾರ: ಅದರ ಕ್ಷಿಪಣಿಗಳು, ಅದರ ಚಂದ್ರಯಾತ್ರೆ. ತೈವಾನಿನಲ್ಲಂತೂ 1973ರಲ್ಲಿ ಸರ್ಕಾರವೇ ಸಂಶೋಧನಾ ಸಂಸ್ಥೆ ಕಟ್ಟಿ, ಇಂಜಿನಿಯರರನ್ನು ಅಮೆರಿಕಕ್ಕೆ ಕಳಿಸಿ ಕಲಿಸಿತು. 1980ರಲ್ಲಿ ಎರಡು ವಿಶ್ವವಿದ್ಯಾಲಯಗಳ ಮಗ್ಗುಲಲ್ಲೇ ಶಿಂಚು ಉದ್ಯಾನ ತೆರೆಯಿತು. ಜಗತ್ಪ್ರಸಿದ್ಧ ಟಿ.ಎಸ್.ಎಂ.ಸಿ. ಹುಟ್ಟಿದ್ದು ಅದಾದ ಮೇಲೆ, 1987ರಲ್ಲಿ.

ಇನ್ನು ನಮ್ಮ ಬೆಂಗಳೂರು. 1909ರ ವಿಜ್ಞಾನ ಮಂದಿರಕ್ಕೆ ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು. ಜಮಶೆಟ್ಜಿ ಟಾಟಾ ಆಸ್ತಿ ಕೊಟ್ಟರು. ಟಾಟಾ ಯಾರು? ನಾಗಪುರದ ಎಂಪ್ರೆಸ್ ಗಿರಣಿ, ಕುರ್ಲಾದ ಸ್ವದೇಶಿ ಗಿರಣಿಗಳ ಒಡೆಯರು. ದಾನ ದೊಡ್ಡದು, ಒಪ್ಪೋಣ. ಆದರೆ ಆ ಐಶ್ವರ್ಯದಲ್ಲಿ ಮಗ್ಗದ ಮುಂದೆ ನಿಂತವರ ಬೆವರೂ ಇದೆಯೆಂಬುದನ್ನು ಮರೆಯದಿರೋಣ! ಮುಂದೆ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬಂದವು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿ ಚಿಪ್ ವಿನ್ಯಾಸದ ಕಚೇರಿ ತೆರೆದದ್ದು 1985ರಲ್ಲಿ. ಅಂದರೆ ಮುಕ್ಕಾಲು ಶತಮಾನ ಸಾರ್ವಜನಿಕರು ನೀರೆರೆದ ಮರದ ಹಣ್ಣನ್ನು ಕಂಪನಿಗಳು ಕೊಯ್ದವು.

ಬರಿಯ ಕಾರ್ಖಾನೆ ಎಬ್ಬಿಸಿದರೆ ಸಾಲದೆಂಬುದಕ್ಕೆ ಮೊಹಾಲಿಯೇ ಸಾಕ್ಷಿ. ಅಲ್ಲಿ ಸರ್ಕಾರಿ ಚಿಪ್ ಕಾರ್ಖಾನೆ 1984ರಲ್ಲಿ ಉತ್ಪಾದನೆ ಆರಂಭಿಸಿತು. 1989ರಲ್ಲಿ ಬೆಂಕಿಗೆ ಆಹುತಿಯಾಯಿತು. ಮತ್ತೆ ಎದ್ದು ನಿಲ್ಲಲು ವರ್ಷಗಳೇ ಹಿಡಿದವು. ಒಂದೇ ಮರ ನೆಟ್ಟು ತೋಪೆಂದರೆ ಆಗುವುದು ಹೀಗೆ.

ಈಗ ನೋಡಿ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಚಿಪ್ ಉದ್ಯಮಕ್ಕೆ 76,000 ಕೋಟಿ ರೂಪಾಯಿ ತೆಗೆದಿರಿಸಿತು. 2024ರಲ್ಲಿ ಗುಜರಾತಿನ ಧೋಲೇರಾದಲ್ಲಿ 91,000 ಕೋಟಿಯ ಕಾರ್ಖಾನೆಗೆ ಒಪ್ಪಿಗೆ ಕೊಟ್ಟಿತು. ಇಂಥ ಕಾರ್ಖಾನೆಯ ಯೋಜನಾ ವೆಚ್ಚದಲ್ಲಿ ಅರ್ಧ ಕೇಂದ್ರದ್ದೇ; ಅದರ ಮೇಲೆ ರಾಜ್ಯದ ರಿಯಾಯಿತಿ ಬೇರೆ. ನಾವು ಕೊಳ್ಳುವ ಸೋಪಿನ ಮೇಲಣ ತೆರಿಗೆಯೂ ಅದರಲ್ಲಿ ಸೇರಿದೆ. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ!

ಕಾರ್ಖಾನೆ ಬೇಡವೆಂದು ನಾವು ಹೇಳುವುದಿಲ್ಲ. ಕೊಡುವ ಕೈ ಕೇಳಲೂ ಬೇಕು. 1982ರ ಮುಷ್ಕರದ ತರುವಾಯ ಗಿರಣಿಗಳ ನೆಲದಲ್ಲಿ ಮಾಲುಗಳು, ಗಗನಚುಂಬಿ ಮಹಡಿಗಳು ಎದ್ದವು. ನಮ್ಮ ಮಕ್ಕಳಿಗೆಂದು ಎಷ್ಟು ತಾಂತ್ರಿಕ ಶಾಲೆಗಳು ಎದ್ದವು? ಆಗ ಕೇಳದೆ ಕೆಟ್ಟೆವು. ಈಗ ಕೇಳೋಣ:

ಒಂದು, ಸಾರ್ವಜನಿಕ ಹಣ ಪಡೆಯುವ ಪ್ರತಿ ಕಂಪನಿಯೂ ಎಷ್ಟು ಕೆಲಸ, ಎಷ್ಟು ಸಂಬಳ ಎಂದು ಬರೆದುಕೊಡಲಿ. ಎರಡು, ಆ ಹಣದ ಒಂದು ಪಾಲು ಡಿಪ್ಲೊಮಾ ಕಾಲೇಜುಗಳಿಗೆ, ಕಾರ್ಮಿಕರ ಮಕ್ಕಳ ವಸತಿಗೃಹಗಳಿಗೆ ಹೋಗಲಿ. ಬೆಂಗಳೂರಿಗೆ ಹೋಗಿ ಕಲಿಯಬೇಕಾದ ಹುಡುಗಿಯನ್ನು ತಡೆಯುವುದು ದಡ್ಡತನವಲ್ಲ, ಕೋಣೆಯ ಬಾಡಿಗೆ. ಮೂರು, ಕಲಿತವನನ್ನು ಒಬ್ಬನೇ ಧಣಿಗೆ ಕಟ್ಟಿಹಾಕುವ ಬಾಂಡುಗಳು ತೊಲಗಲಿ. ಕೆಲಸ ಬಿಟ್ಟವನು ಬೇರೆಡೆ ದುಡಿಯಬಾರದೆಂಬ ಕರಾರು ನಡೆಯದೆಂದು ನಮ್ಮ 1872ರ ಕರಾರು ಕಾಯಿದೆಯ 27ನೆಯ ಕಲಮೂ ಹೇಳುತ್ತದೆ.

ಪಾಳಿ ಮುಗಿಸಿ ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ಕಲಿತ ಪರಂಪರೆ ನಮ್ಮದು. ನಮ್ಮ ಮಕ್ಕಳಿಗೆ ತಲೆಯಿಲ್ಲವೆನ್ನುವವರಿಗೆ ಉತ್ತರ ಕೊಡಲು ಬೇಕಾದದ್ದು ಅದೃಷ್ಟವಲ್ಲ, ಶಾಲೆ. ಅದನ್ನು ಕಟ್ಟಿಸಿಕೊಳ್ಳಲು ಬೇಕಾದದ್ದು ಸಂಘ.