ಮನೆ ಬಾವಿ ನೀರು ತನ್ನಿ

ಡಿಸೆಂಬರ್ ರಜೆಗೆ ಮೂಡಿಗೆರೆ, ಕಳಸ ಕಡೆ ಹೋದವರಿಗೆಲ್ಲ ಆ ಹುಳಿ ವಾಸನೆ ಗೊತ್ತು. ಕಾಫಿ ಪಲ್ಪರ್ ನೀರು. ಹಳ್ಳ ಕಪ್ಪಾದ್ರೆ ಊರೆಲ್ಲ ಮಾತಾಡುತ್ತೆ. ಬಾವಿ ಬಗ್ಗೆ ಯಾರೂ ಕೇಳಲ್ಲ, ಯಾಕಂದ್ರೆ ಅದರ ನೀರು ತಿಳಿಯಾಗೇ ಇರುತ್ತೆ.

ನೈಟ್ರೇಟ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದ್ರೂ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರತೆ ಜಾಸ್ತಿಯೇ ಆಗುತ್ತೆ. ಬಿಐಎಸ್ ಪ್ರಕಾರ ಕುಡಿಯುವ ನೀರಿನಲ್ಲಿ ಮಿತಿ ಲೀಟರ್‌ಗೆ 45 ಮಿಲಿಗ್ರಾಂ. (ಕೆಲವು ರಿಪೋರ್ಟ್‌ಗಳಲ್ಲಿ 10 ಅಂತ ಇರುತ್ತೆ, ಅದು ನೈಟ್ರೋಜನ್ ಲೆಕ್ಕ, ಹೆಚ್ಚುಕಮ್ಮಿ ಎರಡೂ ಒಂದೇ. ಯೂನಿಟ್ ನೋಡದೆ ಗಾಬರಿ ಬೇಡ.) ಮೀರಿದರೆ ಮೊದಲ ಅಪಾಯ ಆ ನೀರಲ್ಲಿ ಪುಡಿ ಹಾಲು ಕಲಸಿ ಕುಡಿಸೋ ಹಸುಗೂಸಿಗೆ. ರಕ್ತ ಆಮ್ಲಜನಕ ಒಯ್ಯೋ ಶಕ್ತಿ ಕಳ್ಕೊಂಡು ಮಗು ನೀಲಿಗಟ್ಟುತ್ತೆ.

ಹಾಗಂತ ಎಲ್ಲಾನೂ ಪಲ್ಪರ್ ಮೇಲೆ ಹೊರಿಸೋದನ್ನ ನಾವು ಒಪ್ಪಲ್ಲ. ತೋಟಕ್ಕೆ ಹಾಕೋ ಯೂರಿಯಾ, ಗೊಬ್ಬರದ ಗುಂಡಿ, ಪಾಯಿಖಾನೆ ಗುಂಡಿ, ಎಲ್ಲದರಿಂದಲೂ ನೈಟ್ರೇಟ್ ಇಳಿಯುತ್ತೆ. ಪಲ್ಪರ್ ಹೊಂಡದ ಮೇಲಿನ ಬಾವಿ, ಕೆಳಗಿನ ಬಾವಿ, ಎರಡನ್ನೂ ಸೀಸನ್‌ಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಹೋಲಿಸಬೇಕು. ಒಂದೇ ಬಾಟಲಿ ಹಿಡ್ಕೊಂಡು ಹೋದ್ರೆ ತೋಟದವರ ಜೊತೆ ಜಗಳ ಆಗುತ್ತೆ, ಅಷ್ಟೇ.

ನಮ್ಮ ಲ್ಯಾಬಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಇದೆ. ಅದಕ್ಕೆ ನಾವು ಇಡೋದು ಮೊದಲೇ ಕಲಸಿಟ್ಟ ದ್ರಾವಣ; ಉತ್ತರ ಸೀನಿಯರ್‌ಗಳ ರೆಕಾರ್ಡ್‌ನಲ್ಲೇ ಸಿಗುತ್ತೆ. ಈ ಸಲ ಊರಿಗೆ ಹೋದವರು ಬಾವಿ ನೀರು ತನ್ನಿ. ಬಾಟಲಿ ಚೆನ್ನಾಗಿ ತೊಳೆದು, ಐಸ್‌ನಲ್ಲಿಟ್ಟು, ಮಾರನೇ ದಿನದೊಳಗೆ. ಲೈನ್ ಮನೆಯವರು ಸೇದೋ ಬಾವಿದೂ ಒಂದು ಬಾಟಲಿ ಇರಲಿ, ಕೂಸುಗಳು ಅಲ್ಲೂ ಇದಾವೆ.