ತಾಯಿಯನ್ನು ಕೇಳಿದಿರಾ?

ದಕ್ಷಿಣ ಕೊರಿಯಾದಿಂದ ಅಮೆರಿಕ, ಯುರೋಪುಗಳಿಗೆ ದತ್ತು ಹೋದ ಸಾವಿರಾರು ಮಕ್ಕಳ ಫೈಲಿನಲ್ಲಿ ಒಂದು ಕಾಗದ ಸಿಗುತ್ತದೆ. ನಮ್ಮ ರೇಷನ್ ಕಾರ್ಡಿನಲ್ಲಿ ಮನೆಮಂದಿಯ ಹೆಸರು ಇರುವ ಹಾಗೆ ಅದು ಅಲ್ಲಿನ ಕುಟುಂಬದ ದಾಖಲೆ. ಆದರೆ ಈ ಕುಟುಂಬದಲ್ಲಿ ಇರುವುದು ಒಂದೇ ಹೆಸರು. ಅಪ್ಪ ಇಲ್ಲ, ಅಮ್ಮ ಇಲ್ಲ, ಅಜ್ಜ ಅಜ್ಜಿ ಇಲ್ಲ. ಇನ್ನೂ ಕತ್ತು ನಿಲ್ಲದ ಕೂಸನ್ನೇ ಮನೆಯ ಯಜಮಾನ ಎಂದು ಬರೆದಿದ್ದಾರೆ. ವೀಸಾ ಸಿಗಬೇಕಾದರೆ ಮಗು ಅನಾಥವಾಗಿರಬೇಕಿತ್ತು. ಅನಾಥ ಎಂದು ಬರೆದರು. ಹೆತ್ತವರು ಬದುಕಿದ್ದ ಮಕ್ಕಳಿಗೂ ಇದೇ ಕಾಗದ ತಯಾರಾಯಿತು. ‘ನಿಮ್ಮ ಮಗು ತೀರಿಕೊಂಡಿತು’ ಎಂಬ ಮಾತು ಕೇಳಿ ಬರಿಗೈಲಿ ಮನೆಗೆ ಹೋದ ತಾಯಂದಿರೂ ಇದ್ದಾರೆ.

ಇಂಥ ಸುದ್ದಿ ಪತ್ರಿಕೆಯಲ್ಲಿ ಬಂದಾಗ ನಮ್ಮಲ್ಲಿ ಬಹಳ ಜನ ಒಂದು ಮಾತು ಹೇಳುತ್ತಾರೆ: ‘ಹೋಗಲಿ ಬಿಡಿ, ಮಗು ಎಲ್ಲೋ ಒಂದು ಕಡೆ ಚೆನ್ನಾಗಿ ಬೆಳೆಯಿತಲ್ಲ. ಇಲ್ಲೇ ಇದ್ದಿದ್ದರೆ ಏನಾಗುತ್ತಿತ್ತೋ!’ ಒಳ್ಳೆಯ ಮನಸ್ಸಿನವರೇ ಹೇಳುವ ಮಾತು ಇದು. ದಯವಿಟ್ಟು ಇದನ್ನು ಬಿಟ್ಟುಬಿಡಿ ಎಂದು ಕೈಮುಗಿದು ಕೇಳುತ್ತೇನೆ. ಜಾತ್ರೆಯಲ್ಲಿ ಕಳೆದುಹೋದ ನಿಮ್ಮ ಮಗಳು ಇಪ್ಪತ್ತು ವರ್ಷದ ಮೇಲೆ ದೊಡ್ಡ ಕಾಲೇಜಿನಲ್ಲಿ ಓದುತ್ತಿದ್ದಾಳೆಂದು ಯಾರೋ ಬಂದು ಹೇಳಿದರೆ, ಅವಳನ್ನು ಎತ್ತಿಕೊಂಡು ಹೋದವನಿಗೆ ನೀವು ಉಪಕಾರ ಹೇಳುತ್ತೀರಾ? ಬಡವಳ ಕರುಳಿಗೆ ಬೇರೆ ತೂಕ, ನಮ್ಮ ಕರುಳಿಗೆ ಬೇರೆ ತೂಕ ಇಡುವ ತಕ್ಕಡಿ ನಮಗೆ ಬೇಡ.

ಕೊರಿಯಾದ ವಿಷಯ ನಿನ್ನೆ ಮೊನ್ನೆ ಗೊತ್ತಾದದ್ದಲ್ಲ. 1988ರಲ್ಲಿ ಸೋಲ್ ಒಲಿಂಪಿಕ್ಸ್‌ಗೆ ಜಗತ್ತೇ ಅತ್ತ ತಿರುಗಿದಾಗಲೇ ಅಮೆರಿಕದ ಪತ್ರಿಕೆಗಳು ‘ಮಕ್ಕಳ ರಫ್ತು’ ಎಂದು ಬರೆದವು. ಅದಕ್ಕೆ ಮೂರು ವರ್ಷ ಮುಂಚೆ, 1985ರಲ್ಲಿ, ಒಂದೇ ವರ್ಷದಲ್ಲಿ 8,800ಕ್ಕೂ ಹೆಚ್ಚು ಮಕ್ಕಳು ಆ ದೇಶ ಬಿಟ್ಟು ಹೋಗಿದ್ದರು. ಸರ್ಕಾರಕ್ಕೆ ಮುಜುಗರವಾಯಿತು, ಸಂಖ್ಯೆ ಇಳಿಯಿತು. ಆದರೆ ಕಾಗದಗಳನ್ನು ಬರೆದವರು ಯಾರು, ಏಕೆ ಎಂದು ಕೇಳುವವರಿರಲಿಲ್ಲ. ಕೊನೆಗೆ ದೊಡ್ಡವರಾದ ಆ ಮಕ್ಕಳೇ 11 ದೇಶಗಳಿಂದ ಅರ್ಜಿ ಹಾಕಿದರು, 367 ಜನ. ಅಲ್ಲಿನ ಸತ್ಯ ಮತ್ತು ಸಂಧಾನ ಆಯೋಗ 2025ರ ಮಾರ್ಚ್‌ನಲ್ಲಿ ಅವರಲ್ಲಿ 56 ಜನರ ಹಕ್ಕುಗಳಿಗೆ ಚ್ಯುತಿ ಬಂದಿದೆ, ಇದಕ್ಕೆ ಸರ್ಕಾರವೇ ಹೊಣೆ ಎಂದಿತು. ಒಂದು ಮಗು ಸತ್ತರೆ ಅಥವಾ ಹೆತ್ತವರು ಬಂದು ವಾಪಸ್ ಕರೆದೊಯ್ದರೆ, ಅದರ ಹೆಸರಿನಲ್ಲಿ ಇನ್ನೊಂದು ಮಗುವನ್ನು ಕಳಿಸಿದ್ದೂ ಬೆಳಕಿಗೆ ಬಂತು. 1984ರ ಒಂದು ಫೋಟೊ ಇದೆ: ವಿಮಾನದ ಸೀಟುಗಳಲ್ಲಿ ಪಟ್ಟಿ ಬಿಗಿದು ಮಲಗಿಸಿದ ಕೂಸುಗಳು. ಅದನ್ನು ನೋಡಿದ ಮೇಲೆ ನನಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ.

ಉಳಿದವರ ಕತೆ? ಮುಂದಿನ ತಿಂಗಳೇ ಆಯೋಗದೊಳಗೆ ಭಿನ್ನಾಭಿಪ್ರಾಯ ಬಂದು ಕೆಲಸ ನಿಂತಿತು. ಕೆಲವರ ವಿಷಯದಲ್ಲಿ ಸಾಕಷ್ಟು ದಾಖಲೆ ಇಲ್ಲ ಎಂಬ ವಾದ ಎದ್ದಿತ್ತು. ಸುಳ್ಳು ದಾಖಲೆಯೇ ಅಪರಾಧವಾಗಿರುವ ಕಡೆ ನಿಜವಾದ ದಾಖಲೆ ತನ್ನಿ ಎಂದು ಮಗುವನ್ನೇ ಕೇಳುವುದು ಯಾವ ನ್ಯಾಯ?

ಸುದ್ದಿಯನ್ನು ಹೇಗೆ ತೂಗಬೇಕೆಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. 1982ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ಇಲ್ಲಿನ ಮಕ್ಕಳನ್ನು ಹೊರದೇಶಕ್ಕೆ ದತ್ತು ಕೊಡುವ ಬಗ್ಗೆ ವಿದೇಶಿ ಪತ್ರಿಕೆಯೊಂದರ ವರದಿ ಓದಿ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಕೋರ್ಟು ಆ ವರದಿಯನ್ನು ತಳ್ಳಿಹಾಕಲಿಲ್ಲ, ಹಾಗೆಂದು ಪೂರ್ತಿ ನಂಬಿ ದತ್ತಿನ ಬಾಗಿಲನ್ನೂ ಮುಚ್ಚಲಿಲ್ಲ. ಸರ್ಕಾರವನ್ನು ಕೇಳಿತು, ಮಕ್ಕಳ ಕಲ್ಯಾಣ ಸಂಸ್ಥೆಗಳನ್ನು ಕೇಳಿತು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರು 1984ರಲ್ಲಿ ಕೊಟ್ಟ ತೀರ್ಪಿನಲ್ಲಿ, ಮಗುವನ್ನು ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು ಸುಮಾರು ಮೂರು ತಿಂಗಳು ಕೊಡಬೇಕು ಎಂಬ ಮಾತಿದೆ. ಇಂದಿನ ಕಾನೂನಿನಲ್ಲಿ ಅದು ಎರಡು ತಿಂಗಳು. ಹೆರಿಗೆಯ ಹಸಿ ಮೈಯಲ್ಲಿ, ಸಾಲದ ಭಯದಲ್ಲಿ, ಮನೆಯವರ ಬೈಗುಳದ ನಡುವೆ ಒತ್ತಿದ ಹೆಬ್ಬೆಟ್ಟನ್ನು ಕೊನೆಯ ಮಾತೆಂದು ತಿಳಿಯಬಾರದು ಎಂಬ ಅರಿವು ಅದರಲ್ಲಿದೆ.

ಇಷ್ಟಾದರೂ ಕಳ್ಳತನ ನಿಲ್ಲಲಿಲ್ಲ. ಚೆನ್ನೈನ ಕೊಳೆಗೇರಿಗಳಿಂದ 1990ರ ದಶಕದ ಕೊನೆಯ ಹೊತ್ತಿಗೆ ಕದ್ದ ಮಕ್ಕಳು ದತ್ತು ಸಂಸ್ಥೆಯೊಂದರ ಮೂಲಕ ವಿದೇಶ ಸೇರಿದ್ದು 2005ರಲ್ಲಿ ಪೊಲೀಸ್ ತನಿಖೆಯಿಂದ ಹೊರಬಂತು. ಅಲ್ಲಿಯತನಕ ಕಾಗದಗಳೆಲ್ಲ ಸರಿಯಾಗಿಯೇ ಕಾಣುತ್ತಿದ್ದವು.

ಇನ್ನೊಂದು ಮಾತನ್ನು ಇಷ್ಟೇ ಗಟ್ಟಿಯಾಗಿ ಹೇಳಬೇಕು. ಈ ಸುದ್ದಿ ಓದಿ ಪಕ್ಕದ ಬೀದಿಯ ದತ್ತು ಮಗುವಿನ ಮುಖವನ್ನು ಅನುಮಾನದಿಂದ ನೋಡಬೇಡಿ. ‘ನಿನ್ನನ್ನು ಎಲ್ಲಿಂದ ತಂದರಂತೆ?’ ಎಂದು ಮದುವೆ ಮನೆಯಲ್ಲಿ ಕೇಳಬೇಡಿ. ಮೋಸಹೋದವರಲ್ಲಿ ಸಾಕಿದ ತಂದೆತಾಯಿಯರೂ ಇದ್ದಾರೆ. ಅವರೂ ಆ ಕಾಗದವನ್ನೇ ನಂಬಿದ್ದರು. ಅಂಗವೈಕಲ್ಯವೆಂದು ಇಲ್ಲಿ ಯಾರೂ ಮುಂದೆ ಬಾರದ ಮಗುವಿಗೆ ದೂರದ ದೇಶದಲ್ಲಿ ಮನೆಯೊಂದು ಸಿಕ್ಕಿರುವುದೂ ನಿಜ. ಒಂದು ವರದಿಯಿಂದ ಎಲ್ಲರಿಗೂ ಮಸಿ ಬಳಿದರೆ ಆ ಮಗುವಿಗೂ ಅನ್ಯಾಯ ಮಾಡಿದ ಹಾಗೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ವರದಿ ಬರೆಯುವವರೇ, ನೀವು ತಾಯಿಯ ಮನೆ ಬಾಗಿಲಿಗೆ ಹೋಗಿ ಬಂದಿರಾ? ಅವಳಿಗೆ ಓದಲು ಬರುತ್ತಿತ್ತೇ, ಏನೆಂದು ಹೇಳಿ ಸಹಿ ಹಾಕಿಸಿಕೊಂಡರು, ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಯಿತು? ಓದುವವರೇ, ವರದಿಯಲ್ಲಿ ಇವು ಇಲ್ಲದಿದ್ದರೆ ಪತ್ರಿಕೆಗೆ ಬರೆದು ಕೇಳಿ. ಇದ್ದರೆ, ಮುಂದೇನಾಯಿತು ಎಂದು ವರ್ಷ ಕಳೆದ ಮೇಲೂ ಕೇಳಿ.

ಹಳೆಯ ಅನಾಥಾಲಯಗಳಲ್ಲಿ, ಹೆರಿಗೆ ಮನೆಗಳಲ್ಲಿ ಕೆಲಸ ಮಾಡಿ ಈಗ ನಿವೃತ್ತರಾದವರಿಗೆ ನನ್ನದೊಂದು ಬೇಡಿಕೆ. ಆ ರಿಜಿಸ್ಟರುಗಳನ್ನು ರದ್ದಿಗೆ ಹಾಕಲು ಬಿಡಬೇಡಿ. ಒಂದು ಹೆಸರು ನೆನಪಿದ್ದರೂ, ಒಂದು ತಾರೀಖು ನೆನಪಿದ್ದರೂ ಬರೆದಿಡಿ. ಹುಡುಕಿಕೊಂಡು ಬರುವ ಮಕ್ಕಳಿಗೆ ಈಗ ನಲವತ್ತು, ಐವತ್ತು ವರ್ಷ. ಅವರ ತಾಯಂದಿರಿಗೆ ಎಪ್ಪತ್ತು ದಾಟುತ್ತಿದೆ.