ಹಿನ್ನೀರಿನ ಇಳಿತ

ಮೈಸೂರು ಜಿಲ್ಲೆಗೆ ಕಡಲಿಲ್ಲ. ಆದರೂ ದೇಶವಿದೇಶದ ಜನ ದಂಡೆಯಲ್ಲಿ ಕೋಣೆ ಹಿಡಿದು, ದೋಣಿ ಏರಿ, ನೀರು ನೋಡುತ್ತ ಕೂರುವ ಊರೊಂದು ಇಲ್ಲಿದೆ. ಅದು ಎಚ್.ಡಿ. ಕೋಟೆ ಸೀಮೆಯ ಕಾರಾಪುರ. ಮೈಸೂರಿನಿಂದ ಸುಮಾರು 80 ಕಿಲೋಮೀಟರ್. ಊರಿನ ಮುಂದೆ ಹರಡಿಕೊಂಡಿರುವುದು ಕಬಿನಿ ಜಲಾಶಯದ ಹಿನ್ನೀರು. ಒಂದು ದಡದಲ್ಲಿ ನಾಗರಹೊಳೆಯ ಕಾಡು, ಎದುರು ದಡದಲ್ಲಿ ಬಂಡೀಪುರದ ಕಾಡು.

ಕಡಲು ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ ಏರಿ ಇಳಿಯುತ್ತದೆ. ಚಂದ್ರ ಮತ್ತು ಸೂರ್ಯರ ಸೆಳೆತ ಅದಕ್ಕೆ ಕಾರಣವೆಂದು ನೀವು ಪಾಠದಲ್ಲಿ ಓದಿರುತ್ತೀರಿ. ಕಬಿನಿಯ ಉಬ್ಬರವಿಳಿತ ವರ್ಷಕ್ಕೆ ಒಂದೇ ಸಲ. ಅದನ್ನು ನಡೆಸುವುದು ವಯನಾಡಿನ ಮುಂಗಾರು ಮಳೆ ಮತ್ತು ಬೀಚನಹಳ್ಳಿ ಅಣೆಕಟ್ಟಿನ ಗೇಟುಗಳು. ಮಳೆ ಸರಿಯಾಗಿ ಹಿಡಿದರೆ ನೀರು ಬೇಗನೆ ಪೂರ್ಣ ಮಟ್ಟವಾದ 2284 ಅಡಿ ಮುಟ್ಟುತ್ತದೆ. ಆಮೇಲೆ ನಾಲೆಗೂ ನದಿಗೂ ಬಿಟ್ಟಂತೆಲ್ಲ ಇಳಿಯುತ್ತ, ಏಪ್ರಿಲ್-ಮೇ ಹೊತ್ತಿಗೆ ಹಿನ್ನೀರು ಬಹಳ ದೂರ ಹಿಂದೆ ಸರಿದಿರುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕ. ದಂಡೆಯ ಇಳಿಜಾರು ನೂರು ಅಡಿಗೆ ಒಂದು ಅಡಿಯಷ್ಟಿದ್ದರೆ, ನೀರಿನ ಮಟ್ಟ ಒಂದಡಿ ತಗ್ಗಿದಾಗ ನೂರು ಅಡಿ ಅಗಲದ ನೆಲ ಮೇಲೆ ಬರುತ್ತದೆ. ಆ ನೆಲ ಹೂಳಿನಿಂದ ಕೂಡಿದ್ದು, ಇನ್ನೂ ತೇವ ಆರಿರುವುದಿಲ್ಲ. ಬಿಸಿಲು ಬಿದ್ದೊಡನೆ ಹುಲ್ಲು ಚಿಗುರುತ್ತದೆ. ಒಳಕಾಡಿನಲ್ಲಿ ಕೆರೆಕಟ್ಟೆ ಬತ್ತಿ ಎಲೆ ಉದುರಿರುವ ಕಾಲವದು. ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕಾದ ಆನೆ ಇನ್ನೆಲ್ಲಿಗೆ ಹೋದೀತು? ಏಷ್ಯದ ಆನೆಗಳು ಅತಿ ಹೆಚ್ಚಾಗಿ ಕಲೆಯುವ ಜಾಗಗಳಲ್ಲಿ ಇದೂ ಒಂದೆಂಬ ಖ್ಯಾತಿ ಬಂದದ್ದು ಈ ಹುಲ್ಲಿನಿಂದ. ಪ್ರವಾಸಿಗಳು ಹಣ ಕೊಟ್ಟು ನೋಡುವುದು ತುಂಬಿದ ಜಲಾಶಯವನ್ನಲ್ಲ, ಬರಿದಾಗುತ್ತಿರುವ ಜಲಾಶಯವನ್ನು!

ಶ್ರೀಲಂಕಾದ ಮಿನ್ನೇರಿಯ ಕೆರೆಯಲ್ಲೂ ಇದೇ ಕಥೆ. ಅಲ್ಲಿ ಮೇಲ್ಭಾಗದ ಹೊಸ ಜಲಾಶಯದ ನೀರು ಬಂದು ಬೇಸಿಗೆಯಲ್ಲೂ ಕೆರೆ ತುಂಬಿದ ವರ್ಷಗಳಲ್ಲಿ ಹುಲ್ಲುಗಾವಲು ಮುಳುಗಿತು. ಆನೆಗಳ ಕೂಟವೂ ಕರಗಿತು.

ಅಣೆಕಟ್ಟು ಕಟ್ಟಿದವರ ಮನಸ್ಸಿನಲ್ಲಿ ಆನೆಯೂ ಇರಲಿಲ್ಲ, ಪ್ರವಾಸಿಯೂ ಇರಲಿಲ್ಲ. 1974ರಲ್ಲಿ ಅದು ಮುಗಿದಾಗ ಕಣ್ಣ ಮುಂದಿದ್ದದ್ದು ಬೇಸಾಯ. ಮುಳುಗಿದ್ದು 20ಕ್ಕೂ ಹೆಚ್ಚು ಹಳ್ಳಿ. ಅವುಗಳಲ್ಲಿ ಪುನ್ನಾಟ ರಾಜ್ಯದ ರಾಜಧಾನಿಯಾಗಿದ್ದ ಕಿತ್ತೂರೂ ಸೇರಿತ್ತು. ಬೆರಿಲ್ ಎಂಬ ಹಸಿರು ಹರಳು ಸಿಗುವ ನಾಡೆಂದು ಎರಡನೆಯ ಶತಮಾನದಲ್ಲೇ ಟಾಲೆಮಿ ಗುರುತಿಸಿದ್ದ ಪುನ್ನಾಟ ಅದು. ಮೈಸೂರು ಅರಸರು ವೈಸರಾಯರನ್ನು ಕರೆದು ಖೆಡ್ಡಾ ತೋರಿಸುತ್ತಿದ್ದ ಕಾಕನಕೋಟೆಯ ಕಾಡಿನ ತಗ್ಗುಭಾಗವೂ ನೀರಿನಡಿ ಹೋಯಿತು. ಅಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

1980ರಲ್ಲಿ ರಾಜ್ಯ ಸರ್ಕಾರ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಆರಂಭಿಸಿತು. ಅರಸರ ಬೇಟೆಯ ಬಂಗಲೆ ಪ್ರವಾಸಿಗಳ ತಂಗುದಾಣವಾಯಿತು. ಕರ್ನಲ್ ಜಾನ್ ವೇಕ್‌ಫೀಲ್ಡ್ ಅದನ್ನು ಬೆಳೆಸಿದರು. ಅದರ ಹಿಂದೆಯೇ ಖಾಸಗಿ ರೆಸಾರ್ಟುಗಳೂ ಬಂದವು. ರಾಗಿ, ಹತ್ತಿ, ಹೊಗೆಸೊಪ್ಪಿನ ಸೀಮೆಯಲ್ಲಿ ಕೆಲವರಿಗೆ ಚಾಲಕ, ಅಡಿಗೆಯವ, ಮಾರ್ಗದರ್ಶಿ ಎಂಬ ಹೊಸ ಕೆಲಸಗಳು ಸಿಕ್ಕವು. ಕಾಡಿನ ಹಾಡಿಗಳನ್ನು ಬಿಟ್ಟು ಬಂದ ಜೇನುಕುರುಬರ ಪಾಲಿಗೆ ದಕ್ಕಿದ್ದು ಕಡಿಮೆಯೇ. ನಾಗರಹೊಳೆಯ ಮೂರ್ಕಲ್ಲಿನಲ್ಲಿ, ಕಾಡಿನೊಳಗೇ ಐಷಾರಾಮಿ ರೆಸಾರ್ಟು ಏಳಲಿದ್ದಾಗ ಆದಿವಾಸಿಗಳು ಎದ್ದು ನಿಂತರು. ನ್ಯಾಯಾಲಯಕ್ಕೂ ಹೋದರು. 1997ರಲ್ಲಿ ಹೈಕೋರ್ಟು ಅದನ್ನು ತಡೆಯಿತು. ಸ್ವಂತ ಮನೆಗೆ ಹೆಂಚು ಹೊದಿಸಲೂ ಅಪ್ಪಣೆ ಬೇಕಾದವರ ಎದುರಿನಲ್ಲೇ ಹೋಟೆಲು ಕಟ್ಟಹೊರಟದ್ದು ವಿಚಿತ್ರವೇ ಸರಿ.

ಈ ಸಂಪಾದನೆ ಎಷ್ಟು ತೆಳುವಾದದ್ದೆಂಬುದು 2025ರ ನವೆಂಬರಿನಲ್ಲಿ ಕಂಡಿತು. ಕಾಡಂಚಿನಲ್ಲಿ ಹುಲಿ ದಾಳಿಗೆ ಒಬ್ಬರ ಹಿಂದೊಬ್ಬರು ರೈತರು ಬಲಿಯಾದರು. ಸರ್ಕಾರ ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿಯನ್ನೇ ನಿಲ್ಲಿಸಿತು. ಸಫಾರಿ ನಿಂತರೆ ಕೋಣೆ ಖಾಲಿ. ಕೋಣೆ ಖಾಲಿಯಾದರೆ ಜೀಪಿನ ಚಾಲಕನಿಗೂ ಪಾತ್ರೆ ತೊಳೆಯುವ ಹೆಂಗಸಿಗೂ ಕೆಲಸವಿಲ್ಲ. ಹತ್ತಿ ಹೊಲದವನಿಗಾದರೋ ಹುಲಿಯ ಭಯವಿದ್ದರೂ ಹೊಲಕ್ಕೆ ಹೋಗದೆ ವಿಧಿಯಿಲ್ಲ.

ಮಕ್ಕಳನ್ನು ಕರೆದುಕೊಂಡು ಬೇಸಿಗೆಯಲ್ಲಿ ಅಲ್ಲಿಗೆ ಹೋಗುವವರು ಆನೆಗಳ ಜೊತೆಗೆ ನೀರಿನ ನಡುವೆ ಎದ್ದು ನಿಂತ ಬೋಳು ಮರಗಳನ್ನೂ ತೋರಿಸಲಿ. ಮೇಲೆ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿರುತ್ತದೆ. ಅರ್ಧ ಶತಮಾನದ ಹಿಂದೆ ಮುಳುಗಿದ ಕಾಡಿನ ಮರಗಳವು. ನೀರು ಇಳಿದಷ್ಟೂ ಹೆಚ್ಚು ಕಾಣುತ್ತವೆ.